ಎಗ್ ಫ್ರೀಜಿಂಗ್: ಒಬ್ಬರು ಸೆಟ್ರೋಟೈಡ್ ಇಂಜೆಕ್ಷನ್ ಅಂತಾರೆ, ಇನ್ನೊಬ್ಬರು ಮಾತ್ರೆ ಸಾಕು ಅಂತಾರೆ. ಯಾರ ಮಾತು ಕೇಳೋದು?

ಜಯನಗರ_ಜಾಜಿ
ಎಲ್ರಿಗೂ ನಮಸ್ಕಾರ. ವಯಸ್ಸು 34 ದಾಟಿದೆ, ಮದುವೆ ಸದ್ಯಕ್ಕಿಲ್ಲ, ಎಗ್ ಫ್ರೀಜ್ ಮಾಡಿಸೋದು ಅಂತ ತೀರ್ಮಾನ ಆಗಿದೆ. (ಆ ವಿಷಯದಲ್ಲಿ ಉಪದೇಶ ಬೇಡ, ಮನೇಲಿ ಹೊಟ್ಟೆ ತುಂಬ ಸಿಕ್ಕಿದೆ.) ಎಎಂಎಚ್ (ಮೊಟ್ಟೆ ಎಷ್ಟು ಉಳಿದಿದೆ ಅಂತ ಅಂದಾಜು ಕೊಡೋ ರಕ್ತಪರೀಕ್ಷೆ) 1.7. ಸ್ಕ್ಯಾನಲ್ಲಿ ಎರಡೂ ಕಡೆ ಸೇರಿ ಹತ್ತು ಹನ್ನೆರಡು ಸಣ್ಣ ಫಾಲಿಕಲ್ (ಮೊಟ್ಟೆ ಬೆಳೆಯೋ ಚೀಲ) ಇವೆ ಅಂದ್ರು.

ಎರಡು ಕಡೆ ತೋರಿಸಿದೆ. ಮೊದಲನೇ ಡಾಕ್ಟರ್: ಪೀರಿಯಡ್ಸ್ ಎರಡನೇ ದಿನದಿಂದ ಮೊಟ್ಟೆ ಬೆಳೆಸೋ ಎಫ್‌ಎಸ್‌ಎಚ್ ಇಂಜೆಕ್ಷನ್, ಐದಾರು ದಿನ ಆದ್ಮೇಲೆ ಅದರ ಜೊತೆ ದಿನಾ ಸೆಟ್ರೋಟೈಡ್. ಇದಕ್ಕೆ ಆಂಟಗೊನಿಸ್ಟ್ ಪ್ರೋಟೋಕಾಲ್ ಅಂತಾರಂತೆ. ಎರಡನೇ ಡಾಕ್ಟರ್: ಎಫ್‌ಎಸ್‌ಎಚ್ ಅದೇ, ಆದ್ರೆ ಸೆಟ್ರೋಟೈಡ್ ಬೇಡ, ಮೊದಲ ದಿನದಿಂದ್ಲೇ ಬೆಳಿಗ್ಗೆ ಸಂಜೆ ಡುಫಾಸ್ಟನ್ ಮಾತ್ರೆ. ಪೀರಿಯಡ್ಸಿಗೆ ಕಾಯೋದೂ ಬೇಡ, ನಾಳೆ ಬಂದ್ರೆ ನಾಳೆಯೇ ಶುರು. ಮೊಟ್ಟೆ ಕಡಿಮೆ ಬಂದ್ರೆ ಬೆನ್ನಿಗೇ ಇನ್ನೊಂದು ರೌಂಡ್.

ಇದರ ಮೇಲೆ ಶಿವಮೊಗ್ಗದ ನಮ್ಮ ದೊಡ್ಡಮ್ಮನ ಮಗಳು, ಅವಳು ಐವಿಎಫ್ ಮಾಡಿಸಿದವಳು, "ಪೀರಿಯಡ್ಸಿಗೆ ಒಂದು ವಾರ ಮುಂಚೆಯೇ ಇಂಜೆಕ್ಷನ್ ಶುರು ಮಾಡ್ತಾರೆ, ಇವರಿಬ್ಬರೂ ಏನೋ ಶಾರ್ಟ್‌ಕಟ್ ಹೊಡೀತಿದ್ದಾರೆ" ಅಂತಿದ್ದಾಳೆ. ಮಾತ್ರೆ ಪ್ಲಾನು ಸಾಕಷ್ಟು ಅಗ್ಗ. ಅಮ್ಮನ ಪ್ರಕಾರ ಅಗ್ಗ ಅಂದ್ರೆ ಎಲ್ಲೋ ಏನೋ ಕಡಿಮೆ. ಗೊತ್ತಿರೋರು ಹೇಳಿ.

ಮಂಡ್ಯ_ಮಗಳು
ಫಾಲೋ ಮಾಡ್ತಿದೀನಿ. ನನಗೂ ಇದೇ ಗೊಂದಲ ಇತ್ತು.

ನೇರನುಡಿ
25ಕ್ಕೆ ಮದುವೆ ಆಗಿದ್ರೆ ಈ ತಾಪತ್ರಯವೇ ಇರ್ತಿರ್ಲಿಲ್ಲ. ಸತ್ಯ ಹೇಳಿದ್ರೆ ಕೋಪ ಬರುತ್ತೆ.

ರಾಗಿಮುದ್ದೆ_ರಾಣಿ
@ನೇರನುಡಿ ಆವಾಗ ಗಂಡು ಹುಡುಕಿಕೊಟ್ಟಿದ್ರೆ ಆಗ್ತಿತ್ತಲ್ಲ ಸ್ವಾಮಿ. ಮೊದಲನೇ ಸಾಲಲ್ಲೇ ಉಪದೇಶ ಬೇಡ ಅಂದಿದ್ದಾರೆ, ಕಣ್ಣಿಗೆ ಬೀಳ್ಲಿಲ್ವಾ?

ಲ್ಯಾಬ್‌ಕೋಟು
ನಾನು ಮಂಗಳೂರಿನವಳು, ಎಂಬ್ರಿಯಾಲಜಿಸ್ಟ್. ಮೊಟ್ಟೆ ತೆಗೆದ ಮೇಲೆ ಅದು ಬರುವುದು ನಮ್ಮ ಕೈಗೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೇನೆ, ಬೇಜಾರು ಮಾಡ್ಕೊಳ್ಬೇಡಿ.

ಮೂರೂ ಪ್ಲಾನಲ್ಲಿ ಮೊಟ್ಟೆ ಬೆಳೆಸುವ ಮದ್ದು ಒಂದೇ, ಎಫ್‌ಎಸ್‌ಎಚ್. ವ್ಯತ್ಯಾಸ ಇರುವುದು ಬೇರೆ ಕಡೆ. ತುಂಬ ಫಾಲಿಕಲ್ ಒಟ್ಟಿಗೆ ಬೆಳೆದಾಗ ಈಸ್ಟ್ರೋಜನ್ ಏರ್ತದೆ. ಆಗ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಸಮಯಕ್ಕೆ ಮೊದಲೇ ಮೊಟ್ಟೆ ಹೊರಬೀಳಿಸುವ ಹಾರ್ಮೋನ್ ಎಲ್‌ಎಚ್ ಸುರಿದುಬಿಡಬಹುದು. ಸುರಿದರೆ ನಾವು ಸೂಜಿ ಹಾಕುವ ಮೊದಲೇ ಮೊಟ್ಟೆ ಹೊರಗೆ ಬಿದ್ದು ಹೋಗ್ತದೆ. ಅದನ್ನು ತಡೆಯುವ ದಾರಿ ಮೂರುಂಟು.

ನಿಮ್ಮ ಅಕ್ಕ ಹೇಳುವುದು ಹಳೆಯ ಲಾಂಗ್ ಪ್ರೋಟೋಕಾಲ್. ಹಿಂದಿನ ತಿಂಗಳಿಂದಲೇ ಅಗೊನಿಸ್ಟ್ ಕೊಟ್ಟು ಪಿಟ್ಯುಟರಿಯನ್ನು ಪೂರ್ತಿ ಮಲಗಿಸುವುದು. ಸೆಟ್ರೋಟೈಡ್ ಆಂಟಗೊನಿಸ್ಟ್, ಕೆಲವೇ ಗಂಟೆಯಲ್ಲಿ ಎಲ್‌ಎಚ್‌ಗೆ ಅಡ್ಡ ಕೂರ್ತದೆ, ಹಾಗಾಗಿ ಕೊನೆಯ ಕೆಲವು ದಿನ ಮಾತ್ರ ಸಾಕು. ಮೂರನೆಯದು ಪ್ರೊಜೆಸ್ಟಿನ್ ಮಾತ್ರೆ (ಪ್ರೊಜೆಸ್ಟರಾನ್ ತರಹದ ಮದ್ದು, ನಿಮಗೆ ಹೇಳಿದ ಡುಫಾಸ್ಟನ್ ಅದೇ), ಚುಟುಕಾಗಿ ಪಿಪಿಓಎಸ್ ಅಂತಾರೆ. ಶಾಂಘೈಯ ಡಾ. ಕುವಾಂಗ್ ಯಾನ್‌ಪಿಂಗ್ ಅವರ ತಂಡ 2015ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಎಲ್ಲ ಕಡೆ ಹಬ್ಬಿತು. ಅಂಡೋತ್ಪತ್ತಿ ಆದ ಮೇಲೆ ನಮ್ಮ ದೇಹವೇ ಪ್ರೊಜೆಸ್ಟರಾನ್ ಮಾಡಿ ಇನ್ನೊಂದು ಎಲ್‌ಎಚ್ ಏರಿಕೆ ಬಾರದ ಹಾಗೆ ನೋಡಿಕೊಳ್ತದಲ್ಲ, ಅದನ್ನೇ ಮೊದಲ ದಿನದಿಂದ ಮಾತ್ರೆಯಲ್ಲಿ ಮಾಡುವುದು.

ಅಷ್ಟು ಸುಲಭ ಇದ್ದರೆ ಹಿಂದೆ ಯಾಕೆ ಮಾಡ್ಲಿಲ್ಲ? ಪ್ರೊಜೆಸ್ಟಿನ್ ಕೊಟ್ಟರೆ ಗರ್ಭಕೋಶದ ಒಳಪದರ ಹೊತ್ತಲ್ಲದ ಹೊತ್ತಿಗೆ ಬದಲಾಗ್ತದೆ, ಅದೇ ತಿಂಗಳು ಭ್ರೂಣ ಇಡಲಿಕ್ಕೆ ಆಗುವುದಿಲ್ಲ. ಐವಿಎಫ್‌ನವರಿಗೆ ಅದು ತೊಂದರೆ. ನೀವು ಮೊಟ್ಟೆ ತೆಗೆದು ಟ್ಯಾಂಕಿಗೆ ಹಾಕುವವರು, ಆ ತಿಂಗಳು ಒಳಪದರ ಹೇಗಿದ್ದರೆ ನಿಮಗೆಂತ? ಮಾತ್ರೆ ಅಗ್ಗ ಆಗಿರುವುದು ಅದು ಹಳೇ ಮಾತ್ರೆ ಎಂಬ ಕಾರಣಕ್ಕೆ. ಅಮ್ಮನಿಗೆ ಹಾಗೆಯೇ ಹೇಳಿ.

ಜಯನಗರ_ಜಾಜಿ
ಇದನ್ನ ಡಾಕ್ಟರ್ ಐದು ನಿಮಿಷ ಕೂತು ಹೇಳಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ. ತುಂಬಾ ಥ್ಯಾಂಕ್ಸ್ ಅಕ್ಕ.

ಕೋರಮಂಗಲ_ಕುರುಕಲು
ನಾನು ಹೋದ ವರ್ಷ ಸೆಟ್ರೋಟೈಡ್‌ನಲ್ಲೇ ಮಾಡಿಸ್ದೆ. ಎಫ್‌ಎಸ್‌ಎಚ್ ಪೆನ್ನು ಸುಲಭ, ಡೋಸ್ ತಿರುಗಿಸು, ಹೊಟ್ಟೆ ಚರ್ಮ ಹಿಡಿ, ಚುಚ್ಚು. ಸೆಟ್ರೋಟೈಡ್ ಮಾತ್ರ ಪುಡಿ ಬೇರೆ ನೀರು ಬೇರೆ, ಕಲಸಿ ಗುಳ್ಳೆ ಹೋಗೋವರೆಗೂ ಸಿರಿಂಜ್ ತಟ್ಕೊಂಡು ಕೂರ್ಬೇಕು. ಚುಚ್ಚಿದ ಜಾಗ ಐದು ನಿಮಿಷಕ್ಕೆ ಕೆಂಪಗೆ ಉಬ್ಬಿ ಸೊಳ್ಳೆ ಕಚ್ಚಿದ ಹಾಗೆ ನವೆ. ಒಂದು ಸಲ ಆಫೀಸಲ್ಲಿ ಮೀಟಿಂಗ್ ಮಧ್ಯೆ ಎದ್ದು ಹೋಗಿ ಲೇಡೀಸ್ ರೂಮಲ್ಲಿ ಹಾಕ್ಕೊಂಡೆ. ಮಾತ್ರೆ ಆಯ್ಕೆ ಇದೆ ಅಂತ ನಂಗ್ಯಾರೂ ಹೇಳ್ಲೇ ಇಲ್ಲ, ಈಗ ಓದಿ ಹೊಟ್ಟೆ ಉರೀತಿದೆ.

ಪಿಜಿ_ಪದ್ಮ
ಪಿಜಿಯಲ್ಲಿರೋರು ಇಂಜೆಕ್ಷನ್ ಎಲ್ಲಿಡ್ತೀರಾ? ನಮ್ಮಲ್ಲಿ ಕಾಮನ್ ಫ್ರಿಜ್. ಮೊಸರೇ ಉಳಿಯಲ್ಲ.

ಕೋರಮಂಗಲ_ಕುರುಕಲು
ಸ್ಟೀಲ್ ಡಬ್ಬಿಗೆ ಹಾಕಿ ಮೇಲೆ "ಹಾಗಲಕಾಯಿ ಗೊಜ್ಜು" ಅಂತ ಬರೆದಿಡಿ. ಯಾರೂ ಮುಟ್ಟಲ್ಲ.

ಪುರಾವೆ_ಪುಟ್ಟಣ್ಣ
@ಲ್ಯಾಬ್‌ಕೋಟು ಚೆನ್ನಾಗಿ ವಿವರಿಸಿದ್ರಿ, ಆದ್ರೆ ಎರಡೂ ಒಂದೇ ಅನ್ನೋ ಅರ್ಥ ಬರೋ ಹಾಗೆ ಬರೆದದ್ದಕ್ಕೆ ನನ್ನ ತಕರಾರಿದೆ. 2019ರಲ್ಲಿ ಬಾರ್ಸಿಲೋನಾದಲ್ಲಿ ಎಗ್ ಡೋನರ್‌ಗಳ ಮೇಲೆ ಒಂದು ರಾಂಡಮೈಸ್ಡ್ ಟ್ರಯಲ್ ಆಯ್ತು. ಅರ್ಧ ಜನಕ್ಕೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅನ್ನೋ ಪ್ರೊಜೆಸ್ಟಿನ್ ಮಾತ್ರೆ, ಅರ್ಧ ಜನಕ್ಕೆ ಸೆಟ್ರೋಟೈಡ್ ತರಹದ್ದೇ ಆಂಟಗೊನಿಸ್ಟ್ ಗ್ಯಾನಿರೆಲಿಕ್ಸ್. ಸಿಕ್ಕ ಮೊಟ್ಟೆ ಸಂಖ್ಯೆ ಹೆಚ್ಚುಕಮ್ಮಿ ಸಮ. ಆದ್ರೆ ಆ ಮೊಟ್ಟೆ ಪಡೆದ ಹೆಂಗಸರಲ್ಲಿ ಗರ್ಭ ನಿಂತದ್ದು ಮಾತ್ರೆ ಗುಂಪಲ್ಲಿ ಕಡಿಮೆ. ಫ್ರೀಜ್ ಮಾಡಿಸೋರಿಗೆ ಬೇಕಾದ ಪರೀಕ್ಷೆ ಅದೇ ಅಲ್ವಾ? ಸಂಖ್ಯೆ ನೋಡಿ ಖುಷಿಪಟ್ಟು, ಐದು ವರ್ಷ ಆದ್ಮೇಲೆ ತೆಗೆದಾಗ ಗೊತ್ತಾದ್ರೆ ಏನು ಮಾಡೋದು?

ಲ್ಯಾಬ್‌ಕೋಟು
@ಪುರಾವೆ_ಪುಟ್ಟಣ್ಣ ಆ ಟ್ರಯಲ್ ನಾನೂ ಓದಿದ್ದೇನೆ. ಗರ್ಭದ ಪ್ರಮಾಣ ಅಳೆಯುವುದು ಅದರ ಮುಖ್ಯ ಉದ್ದೇಶ ಆಗಿರ್ಲಿಲ್ಲ, ಮೊಟ್ಟೆ ಎಣಿಸಲಿಕ್ಕೆ ಯೋಜಿಸಿದ್ದು. ಆಮೇಲೆ 2021ರಲ್ಲಿ ಸ್ಪೇನ್‌ನದ್ದೇ ಇನ್ನೊಂದು ಡೋನರ್ ಟ್ರಯಲಲ್ಲಿ ಆ ವ್ಯತ್ಯಾಸ ಕಾಣ್ಲಿಲ್ಲ. ಇಟಲಿಯವರು ಭ್ರೂಣದ ಕ್ರೋಮೋಸೋಮ್ ಪರೀಕ್ಷೆ ಮಾಡಿ ನೋಡಿದಾಗಲೂ ಮಾತ್ರೆ ಹಿಂದೆ ಬೀಳ್ಲಿಲ್ಲ. ಹಾಗಂತ ನಿಮ್ಮ ತಕರಾರು ತೆಗೆದುಹಾಕುವಂಥದ್ದಲ್ಲ, ಆಂಟಗೊನಿಸ್ಟ್‌ಗೆ ಇರುವಷ್ಟು ವರ್ಷಗಳ ಅನುಭವ ಮಾತ್ರೆಗೆ ಇಲ್ಲ.

ಪುರಾವೆ_ಪುಟ್ಟಣ್ಣ
ಅಷ್ಟು ಒಪ್ಪಿದ್ರೆ ಸಾಕು. ನಮ್ಮಲ್ಲಿ ಯಾರೂ "ಇದು ಹೊಸದು, ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ" ಅಂತ ಹೇಳಿ ಮಾತ್ರೆ ಬರೆಯಲ್ಲ ಅನ್ನೋದೇ ನನ್ನ ಸಿಟ್ಟು.

ಮಂಡ್ಯ_ಮಗಳು
ನೀವೆಲ್ಲ ಮಾತ್ರೆನಾ ಇಂಜೆಕ್ಷನ್ನಾ ಅಂತ ಕಿತ್ತಾಡ್ತಿದೀರಾ. ನಾನು ಅನುಭವಿಸಿದ್ದು ಬೇರೆ, ಅದನ್ನ ಹೇಳಲೇಬೇಕು.

ನಂಗೆ ಪಿಸಿಓಎಸ್ (ಅಂಡಾಶಯದ ತುಂಬ ಸಣ್ಣ ಸಣ್ಣ ಫಾಲಿಕಲ್ ಇರೋ ತೊಂದರೆ). ಎಎಂಎಚ್ ಸಿಕ್ಕಾಪಟ್ಟೆ ಜಾಸ್ತಿ. ಹೋದ ಕಡೆ (ಹೆಸರು ಬೇಡ) "ನಿಮ್ಗೇನಮ್ಮ, ಬೇಕಾದಷ್ಟು ಮೊಟ್ಟೆ ಬರುತ್ತೆ" ಅಂತ ಖುಷಿಯಿಂದ ಹೇಳಿದ್ರು. ಲಾಂಗ್ ಪ್ರೋಟೋಕಾಲ್. ಕೊನೇಗೆ ಮೊಟ್ಟೆ ಮಾಗಿಸೋಕೆ ಎಚ್‌ಸಿಜಿ ಇಂಜೆಕ್ಷನ್, ಅದೂ ಫುಲ್ ಡೋಸ್. ಮೊಟ್ಟೆ ಬಂತು, ಬೇಡ ಅನ್ನೋಷ್ಟು ಬಂತು. ಎರಡು ಮೂರು ದಿನಕ್ಕೆ ಹೊಟ್ಟೆ ಊದಿಕೊಂಡು ಲಂಗದ ಲಾಡಿ ಕಟ್ಟೋಕೆ ಆಗ್ಲಿಲ್ಲ. ಮಲಗಿದ್ರೆ ಉಸಿರು ಕಟ್ಟೋದು, ದಿಂಬು ಮೇಲೆ ದಿಂಬು ಇಟ್ಟು ಕೂತೇ ನಿದ್ದೆ. ಮೂತ್ರ ಒಂದೊಂದು ಚಮಚ. ಫೋನ್ ಮಾಡಿದ್ರೆ "ಎಳನೀರು ಕುಡೀರಿ, ಸರಿ ಹೋಗುತ್ತೆ". ಕೊನೆಗೆ ಬೇರೆ ಆಸ್ಪತ್ರೆಲಿ ಅಡ್ಮಿಟ್ ಆಗಿ ಹೊಟ್ಟೆಯಿಂದ ನೀರು ತೆಗೆಸ್ಕೊಂಡೆ. ಅದಕ್ಕೆ ಓಎಚ್‌ಎಸ್‌ಎಸ್ (ಅಂಡಾಶಯ ಅತಿಯಾಗಿ ಕೆರಳೋದು) ಅಂತಾರೆ ಅಂತ ಡಿಸ್ಚಾರ್ಜ್ ಸಮ್ಮರಿ ನೋಡಿ ತಿಳ್ಕೊಂಡೆ.

ಲ್ಯಾಬ್‌ಕೋಟು
ದೇವರೇ. ನಿಮ್ಮ ಪೋಸ್ಟನ್ನು ಮೇಲೆ ಪಿನ್ ಮಾಡ್ಬೇಕು.

ಜಾಜಿಯವರೇ, ಪ್ರೋಟೋಕಾಲ್ ಹೆಸರಿಗಿಂತ ಮೊದಲು ಕೇಳಬೇಕಾದ್ದು ಟ್ರಿಗರ್ ಯಾವುದು ಎಂದು. ಫಾಲಿಕಲ್ 17, 18 ಮಿಲಿಮೀಟರಿಗೆ ಬಂದಾಗ ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 36 ಗಂಟೆಗೆ ಮೊಟ್ಟೆ ತೆಗೆಯುತ್ತಾರೆ, ಅದು ಟ್ರಿಗರ್. ಎಚ್‌ಸಿಜಿ ಕೊಟ್ಟರೆ ಅದು ರಕ್ತದಲ್ಲಿ ದಿನಗಟ್ಟಲೆ ಉಳಿದು ಅಂಡಾಶಯವನ್ನು ಕೆರಳಿಸ್ತಾ ಇರ್ತದೆ, ಮಂಡ್ಯದವರಿಗೆ ಆದದ್ದು ಅದೇ. ಅದರ ಬದಲು ಅಗೊನಿಸ್ಟ್ ಟ್ರಿಗರ್, ಅಂದರೆ ಟ್ರಿಪ್ಟೊರೆಲಿನ್ ಅಥವಾ ಲ್ಯುಪ್ರೊಲೈಡ್ ಕೊಟ್ಟರೆ ನಮ್ಮದೇ ಎಲ್‌ಎಚ್ ಒಮ್ಮೆ ಏರಿ ಬೇಗ ಇಳೀತದೆ. ಓಎಚ್‌ಎಸ್‌ಎಸ್ ಭಯ ತುಂಬ ಕಡಿಮೆ ಆಗ್ತದೆ. ಐವಿಎಫ್‌ನಲ್ಲಿ ಹೀಗೆ ಮಾಡಿ ಅದೇ ತಿಂಗಳು ಭ್ರೂಣ ಇಟ್ಟರೆ ಗರ್ಭ ನಿಲ್ಲುವುದು ಕಷ್ಟ ಆಗ್ತಿತ್ತು, ಫ್ರೀಜಿಂಗಿಗೆ ಆ ತಲೆನೋವಿಲ್ಲ.

ಈಗ ಮುಖ್ಯ ಮಾತು. ಅಗೊನಿಸ್ಟ್ ಟ್ರಿಗರ್ ಕೆಲಸ ಮಾಡಬೇಕಾದರೆ ಪಿಟ್ಯುಟರಿ ಎಚ್ಚರ ಇರಬೇಕು. ಲಾಂಗ್ ಪ್ರೋಟೋಕಾಲಲ್ಲಿ ಅದನ್ನು ಮಲಗಿಸಿ ಆಗಿದೆ, ಹಾಗಾಗಿ ಎಚ್‌ಸಿಜಿ ಬಿಟ್ಟು ಬೇರೆ ದಾರಿ ಇಲ್ಲ. ಫ್ರೀಜಿಂಗಿಗೆ ಲಾಂಗ್ ಪ್ರೋಟೋಕಾಲ್ ಈಗ ಹೆಚ್ಚಿನವರು ಬಿಟ್ಟದ್ದು ಇದಕ್ಕೇ. ನಿಮ್ಮ ಇಬ್ಬರು ಡಾಕ್ಟರು ಹೇಳಿದ ಎರಡೂ ಪ್ಲಾನಲ್ಲಿ ಅಗೊನಿಸ್ಟ್ ಟ್ರಿಗರ್ ಕೊಡ್ಬಹುದು.

ರಾಗಿಮುದ್ದೆ_ರಾಣಿ
ಅಗೊನಿಸ್ಟ್ ಕೊಟ್ಟರೆ ಮಲಗುತ್ತೆ ಅಂದ್ರಿ, ಈಗ ಅಗೊನಿಸ್ಟ್ ಕೊಟ್ಟರೆ ಏಳುತ್ತೆ ಅಂತೀರಿ. ತಲೆ ಗಿರ್ ಅಂತಿದೆ.

ಲ್ಯಾಬ್‌ಕೋಟು
ಒಮ್ಮೆ ಕೊಟ್ಟರೆ ಇರುವ ಎಲ್‌ಎಚ್ ಎಲ್ಲ ಹೊರಗೆ ಹಾಕ್ತದೆ. ದಿನಾ ಕೊಟ್ಟರೆ ಸುಸ್ತಾಗಿ ಸುಮ್ಮನಾಗ್ತದೆ. ಒಂದೇ ಮದ್ದು.

ಹುಬ್ಬಳ್ಳಿ_ಹುಡುಗಿ
ನಮ್ಮ ತಂಗೀದು ಹೇಳ್ತೀನಿ. ಆಕಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಕೀಮೋ ಶುರು ಮಾಡೂಕ ಮೊದಲ ಮೊಟ್ಟೆ ತಗದಿಡ್ರಿ ಅಂದ್ರು. ಪೀರಿಯಡ್ಸ್ ಆಗಿ ಹದಿನೈದು ದಿನ ಆಗಿತ್ತು, ಮತ್ತ ಕಾಯೂಕ ಟೈಮ್ ಎಲ್ಲೈತಿ? ನಡುವನ ಶುರು ಮಾಡಿದ್ರು ನೋಡ್ರಿ. ಜೊತಿಗೆ ದಿನಾ ಲೆಟ್ರೋಝೋಲ್ ಗುಳಿಗಿ, ಈಸ್ಟ್ರೋಜನ್ ಏರಬಾರದು ಅಂತ. ನಡುವ ಶುರು ಮಾಡಿದ್ರ ಮೊಟ್ಟಿ ಕೆಡತಾವ ಅಂತ ನಮ್ಮವ್ವ ಹೆದರಿದ್ಲು, ಹಂಗೇನೂ ಆಗಲಿಲ್ಲ. ಒಂದು ತಿಂಗಳದಾಗ ಫಾಲಿಕಲ್ ಒಂದ ಸಲ ಅಲ್ಲ, ಎರಡ್ಮೂರು ಅಲಿ ಬರತಾವ ಅಂತ ಡಾಕ್ಟರ್ ಚಿತ್ರಾ ಬರದು ತೋರಿಸಿದ್ರು. ನಿಮಗ ಕ್ಯಾನ್ಸರ್ ಇಲ್ಲ, ಅವಸರ ಇಲ್ಲ, ಬೇಕಂದ್ರ ಕಾಯ್ರಿ. ಆದ್ರ ಆ ಡಾಕ್ಟರ್ ಹೇಳಿದ್ದು ಮೋಸ ಅಲ್ಲ.

ಪುರಾವೆ_ಪುಟ್ಟಣ್ಣ
ಲೆಟ್ರೋಝೋಲ್ ಅಂದಾಗ ನೆನಪಾಯ್ತು. ಭಾರತದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಅದನ್ನ ಬಳಸಬಾರದು ಅಂತ ನಿಷೇಧಿಸಿ, 2017ರಲ್ಲಿ ನಿಷೇಧ ತೆಗೆದ್ರು. ಹಳೇ ಲೇಖನ ಓದಿ ಯಾರೂ ಗಾಬರಿ ಆಗ್ಬೇಡಿ.

ಸಹಜ_ಜೀವನ
ಇಷ್ಟೊಂದು ಹಾರ್ಮೋನ್ ಯಾಕೆ? ಮೈಲ್ಡ್ ಸ್ಟಿಮ್ಯುಲೇಶನ್ ಅಂತಿದೆ, ಮಾತ್ರೆ ಮತ್ತೆ ಕಡಿಮೆ ಡೋಸ್. ಕೆಲವೇ ಮೊಟ್ಟೆ ಬಂದ್ರೂ ಗಟ್ಟಿ ಮೊಟ್ಟೆ. ಅಲ್ಲದೆ ಹೀಗೆ ಒಟ್ಟಿಗೆ ಎಳೆದು ತೆಗೆದ್ರೆ ಮುಂದಿನ ವರ್ಷಗಳದ್ದೆಲ್ಲ ಖಾಲಿ ಆಗಿ ಬೇಗ ಮುಟ್ಟು ನಿಲ್ಲುತ್ತೆ.

ಲ್ಯಾಬ್‌ಕೋಟು
ಖಾಲಿ ಆಗುವುದಿಲ್ಲ. ಪ್ರತಿ ತಿಂಗಳು ಒಂದಷ್ಟು ಫಾಲಿಕಲ್ ಒಟ್ಟಿಗೆ ಹೊರಡ್ತವೆ, ಬಸ್ಸಿಗೆ ಕಾದವರು ಹತ್ತು ಮಂದಿ, ಸೀಟು ಒಬ್ಬರಿಗೆ ಅನ್ನುವ ಹಾಗೆ. ಉಳಿದವು ಹೇಗೂ ಒಣಗಿ ಹೋಗ್ತವೆ. ಇಂಜೆಕ್ಷನ್ ಕೊಟ್ಟಾಗ ಆ ಒಣಗುವವು ಬೆಳೀತವೆ ಅಷ್ಟೆ, ಮುಂದಿನ ವರ್ಷದ್ದನ್ನು ಯಾರೂ ಮುಟ್ಟುವುದಿಲ್ಲ.

ಮೈಲ್ಡ್ ಮಾಡಿದರೆ ಗಟ್ಟಿ ಮೊಟ್ಟೆ ಎಂಬುದಕ್ಕೂ ಆಧಾರ ಸಾಲದು. ಮೊಟ್ಟೆಯ ಗುಣ ನಿಂತಿರುವುದು ಹೆಚ್ಚಾಗಿ ವಯಸ್ಸಿನ ಮೇಲೆ. ಫ್ರೀಜಿಂಗಲ್ಲಿ ಸಂಖ್ಯೆ ಬೇಕು. ತೆಗೆದದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಪ್ರೌಢ ಮೊಟ್ಟೆ ಇರ್ತದೆ, ಫ್ರೀಜ್ ಮಾಡುವುದು ಅದನ್ನೇ. ಮುಂದೆ ಕರಗಿಸುವಾಗ ಕೆಲವು ಹೋಗ್ತವೆ, ಫಲವಾಗುವಾಗ ಕೆಲವು, ಭ್ರೂಣ ಬೆಳೆಯುವಾಗ ಇನ್ನೂ ಕೆಲವು. 2017ರಲ್ಲಿ ಬಾಸ್ಟನ್‌ನವರು ಮಾಡಿದ ಒಂದು ಲೆಕ್ಕಾಚಾರದ ಮಾದರಿ ಉಂಟು. 34ನೇ ವಯಸ್ಸಿನಲ್ಲಿ 20 ಪ್ರೌಢ ಮೊಟ್ಟೆ ಇಟ್ಟರೆ ಒಂದಾದರೂ ಮಗು ಆಗುವ ಸಾಧ್ಯತೆ 90%, 37ಕ್ಕೆ 75%, 42ಕ್ಕೆ 37%. ಅದು ಅಂದಾಜು, ಗ್ಯಾರಂಟಿ ಕಾರ್ಡ್ ಅಲ್ಲ.

ಹಾಗಂತ ಡೋಸ್ ಏರಿಸ್ತಾ ಹೋದರೆ ಮೊಟ್ಟೆ ಏರ್ತಾ ಹೋಗುವುದಿಲ್ಲ. ಕಡಿಮೆ ಮೊಟ್ಟೆ ಬರುವವರಿಗೂ ದಿನಕ್ಕೆ 300 ಯುನಿಟ್ ದಾಟಿಸುವುದು ಬೇಡ ಎಂದು ಯುರೋಪಿನ ಬಂಜೆತನ ತಜ್ಞರ ಸಂಘ ಇಶ್ರೆಯ ಮಾರ್ಗಸೂಚಿ ಹೇಳ್ತದೆ. 450 ಬರೆದರೆ ಯಾಕೆ ಅಂತ ಕೇಳಿ.

ಕ್ರಾಯ್ಡನ್_ಕಾವೇರಿ
ಇಲ್ಲಿ ಲಂಡನ್‌ನಲ್ಲಿ ನನಗೆ ಕೊಟ್ಟದ್ದು ರೆಕೊವೆಲ್ ಅನ್ನೋ ಎಫ್‌ಎಸ್‌ಎಚ್ ಇಂಜೆಕ್ಷನ್. ಎಎಂಎಚ್ ಮತ್ತೆ ತೂಕ ಎರಡೂ ನೋಡಿ ಡೋಸ್ ಲೆಕ್ಕ ಹಾಕ್ತಾರೆ, ಮೈಕ್ರೋಗ್ರಾಂನಲ್ಲಿ. ಒಮ್ಮೆ ನಿಗದಿ ಆದ್ಮೇಲೆ ಕೊನೆವರೆಗೂ ಅದೇ. ಆಂಟಗೊನಿಸ್ಟ್ ಜೊತೆ, ಅಗೊನಿಸ್ಟ್ ಟ್ರಿಗರ್. ಪೂರ್ತಿ ನನ್ನ ಜೇಬಿಂದ್ಲೇ, ಈ ತರಹದ್ದಕ್ಕೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ದುಡ್ಡು ಕೊಡಲ್ಲ. ಒಂದು ಅನುಕೂಲ, 2022 ಜುಲೈಯಿಂದ ಇಲ್ಲಿ ಮೊಟ್ಟೆ ಇಡೋ ಅವಧಿ 55 ವರ್ಷ, ಹತ್ತು ಹತ್ತು ವರ್ಷಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ಬೇಕು. ಅಲ್ಲಿ ಎಷ್ಟು?

ಪುರಾವೆ_ಪುಟ್ಟಣ್ಣ
ಇಲ್ಲಿ ಐವಿಎಫ್ ತರಹದ ಚಿಕಿತ್ಸೆಗೆ 2021ರ ಎಆರ್‌ಟಿ ಕಾಯ್ದೆ. ಕ್ಲಿನಿಕ್‌ಗಳು 10 ವರ್ಷ ಅಂತಾರೆ. ಕಾಯ್ದೆ ಓದಿದ್ರೆ ಆ ಸಾಲು ದಾನಿಯ ಮೊಟ್ಟೆ, ವೀರ್ಯ ಮತ್ತೆ ಭ್ರೂಣದ ಬಗ್ಗೆ ಇದೆ. ಸಹಿ ಹಾಕೋ ಕಾಗದದಲ್ಲಿ ನಿಮ್ಮ ಸ್ವಂತ ಮೊಟ್ಟೆಗೆ ಏನು ಬರೆದಿದ್ದಾರೆ ನೋಡ್ಕೊಳ್ಳಿ. ಮದುವೆ ಆಗಿರಲೇಬೇಕು ಅಂತಿಲ್ಲ, 21 ದಾಟಿದ ಯಾವ ಹೆಣ್ಣುಮಗಳೂ ಹೋಗಬಹುದು. ಚಿಕಿತ್ಸೆಗೆ 50ರ ಮಿತಿ ಇದೆ, ಅಂದ್ರೆ ವಾಪಸ್ ಬಳಸೋದೂ ಅಷ್ಟರೊಳಗೆ.

ಚರಿತ್ರೆ_ಚಪಲ
ಸ್ವಲ್ಪ ದಾರಿ ತಪ್ಪಿಸ್ತೀನಿ, ಕ್ಷಮಿಸಿ. ಮೊಟ್ಟೆ ಬೆಳೆಸೋಕೆ ಕೊಡೋ ಈ ಮೆನೊಪುರ್ ತರಹದ ಎಚ್‌ಎಂಜಿ ಇಂಜೆಕ್ಷನ್ ಇವತ್ತಿಗೂ ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆಯೋದು. ಆ ವಯಸ್ಸಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್ ಎರಡೂ ಮೂತ್ರದಲ್ಲಿ ಹೇರಳ. 1950ರ ದಶಕದಲ್ಲಿ ಇಟಲಿಯ ಸೆರೋನೋ ಕಂಪನಿ ಇದನ್ನ ಮಾಡೋಕೆ ಕಾನ್ವೆಂಟ್‌ಗಳ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರಿಂದ ಸಂಗ್ರಹಿಸ್ತಿತ್ತು. ಒಂದೇ ಕಡೆ ಅಷ್ಟು ಜನ, ಗರ್ಭಿಣಿಯರ ಹಾರ್ಮೋನ್ ಬೆರೆಯೋ ಭಯ ಇಲ್ಲ. 1960ರ ದಶಕದ ಶುರುವಿನಲ್ಲಿ ಆ ಮದ್ದಿನಿಂದ ಇಸ್ರೇಲ್‌ನಲ್ಲಿ ಮೊದಲ ಮಗು ಹುಟ್ತು.

ನಮ್ಮ ಕಲ್ಕತ್ತಾದ ಡಾ. ಸುಭಾಷ್ ಮುಖರ್ಜಿ 1978ರಲ್ಲೇ ಎಚ್‌ಎಂಜಿ ಕೊಟ್ಟು, ಭ್ರೂಣವನ್ನ ಫ್ರೀಜ್ ಮಾಡಿ ಇಟ್ಟು ಮಗು ಹುಟ್ಟಿಸಿದ್ರು. ಸರ್ಕಾರದ ಸಮಿತಿ ನಂಬಲಿಲ್ಲ, ಹೀಯಾಳಿಸಿತು. 1981ರಲ್ಲಿ ಅವರು ಜೀವ ಕಳ್ಕೊಂಡ್ರು. ಇವತ್ತು ಬೀದಿಗೊಂದು ಐವಿಎಫ್ ಬೋರ್ಡ್.

ಪಿಜಿ_ಪದ್ಮ
ಅಯ್ಯೋ, ಹಾಗಾದ್ರೆ ಮಡಿ ಮಾಡೋ ನಮ್ಮಜ್ಜಿಗೆ ಯಾವುದನ್ನ ಹೇಳೋದು?

ಚರಿತ್ರೆ_ಚಪಲ
ಗೊನಾಲ್-ಎಫ್ ಅನ್ನಿ, ಅದೂ ಎಫ್‌ಎಸ್‌ಎಚ್ ಇಂಜೆಕ್ಷನ್ನೇ. ಅದು ಲ್ಯಾಬಲ್ಲಿ ತಯಾರಾಗೋದು, ಮೂತ್ರ ಇಲ್ಲ. ಹ್ಯಾಮ್‌ಸ್ಟರ್ ಇಲಿಯ ಅಂಡಾಶಯದ ಜೀವಕೋಶದಲ್ಲಿ ಬೆಳೆಸ್ತಾರೆ ಅನ್ನೋದನ್ನ ಮಾತ್ರ ಹೇಳ್ಬೇಡಿ.

ರಾಗಿಮುದ್ದೆ_ರಾಣಿ
😂😂 ಥ್ರೆಡ್ ಎಲ್ಲಿಂದ ಎಲ್ಲಿಗೋ ಹೋಯ್ತು. ಜಾಜಿಯ ಕೊನೇ ಪ್ರಶ್ನೆ ಉಳೀತು, ಬೆನ್ನಿಗೇ ಎರಡನೇ ರೌಂಡ್. ನನ್ನ ಪ್ರಕಾರ ಅದು ಬಿಲ್ ಉದ್ದ ಮಾಡೋ ಉಪಾಯ.

ಲ್ಯಾಬ್‌ಕೋಟು
ಡ್ಯುಯೋಸ್ಟಿಮ್. ಮೊಟ್ಟೆ ತೆಗೆದು ಸುಮಾರು ಐದು ದಿನಕ್ಕೆ ಮತ್ತೆ ಶುರು. ಮೋಸ ಅಲ್ಲ, ಎರಡನೇ ಸಲವೂ ಒಳ್ಳೆಯ ಮೊಟ್ಟೆ ಸಿಗ್ತದೆ ಎಂದು ರೋಮ್‌ನವರ ಕೆಲಸ ತೋರಿಸಿದೆ. ಆದರೆ ಅದು ಯಾರಿಗೆ? ವಯಸ್ಸು 38, 39, ಎಎಂಎಚ್ ತಳ ಹಿಡಿದವರಿಗೆ, ಇಲ್ಲವೇ ಕೀಮೋ ಕಾಯ್ತಾ ಇರುವವರಿಗೆ. ಜಾಜಿಗೆ 20 ಒಂದೇ ಸಲಕ್ಕೆ ಸಿಗುವುದು ಕಷ್ಟ, ಇನ್ನೊಂದು ಸೈಕಲ್ ಬೇಕಾದೀತು. ಅದನ್ನು ಎರಡು ತಿಂಗಳು ಬಿಟ್ಟು, ಮೊದಲನೇ ಸಲ ದೇಹ ಹೇಗೆ ಸ್ಪಂದಿಸಿತು ನೋಡಿ, ಡೋಸ್ ಸರಿಪಡಿಸಿ ಮಾಡ್ಬಹುದು. ಮೊದಲೇ ಎರಡರ ಪ್ಯಾಕೇಜ್ ಕಟ್ಟಬೇಡಿ.

ಕೋರಮಂಗಲ_ಕುರುಕಲು
ಪ್ಯಾಕೇಜ್ ಅಂದಾಗ ಒಂದು ಮಾತು. ನನಗೆ ಕೊಟ್ಟ ಕೊಟೇಶನ್‌ನಲ್ಲಿ ಇಂಜೆಕ್ಷನ್ ಸೇರಿರ್ಲಿಲ್ಲ. "ಔಷಧಿ ಬೇರೆ" ಅಂತ ಕೊನೇ ಪುಟದಲ್ಲಿ ಸಣ್ಣ ಅಕ್ಷರ. ಔಷಧಿ ಬಿಲ್ಲು ಪ್ರೊಸೀಜರ್ ಬಿಲ್ಲಿಗೆ ಪೈಪೋಟಿ ಕೊಡ್ತು. ವರ್ಷಾ ವರ್ಷಾ ಕಟ್ಟೋ ಸ್ಟೋರೇಜ್ ಬಾಡಿಗೆನೂ ಬರೆಸ್ಕೊಳ್ಳಿ.

ಜಯನಗರ_ಜಾಜಿ
ಅಪ್‌ಡೇಟ್: ಇಬ್ಬರಿಗೂ ಫೋನ್ ಮಾಡಿ "ಟ್ರಿಗರ್ ಯಾವುದು ಕೊಡ್ತೀರಾ" ಅಂತ ಕೇಳ್ದೆ. ಮಾತ್ರೆ ಡಾಕ್ಟರ್ ಕೂಡ್ಲೇ ಅಗೊನಿಸ್ಟ್ ಅಂದ್ರು. ಕೊಟ್ಟ ಮರುದಿನ ಬೆಳಿಗ್ಗೆ ರಕ್ತದಲ್ಲಿ ಎಲ್‌ಎಚ್ ಏರಿದೆಯಾ ನೋಡಿ ಆಮೇಲೆ ಮೊಟ್ಟೆ ತೆಗೀತಾರಂತೆ. ಸ್ಪೇನ್ ಟ್ರಯಲ್ ಬಗ್ಗೆ ಕೇಳಿದ್ದಕ್ಕೆ, "ಅದು ಬೇರೆ ಪ್ರೊಜೆಸ್ಟಿನ್, ನಾನು ಕೊಡೋದು ಡುಫಾಸ್ಟನ್, ಅಂದ್ರೆ ಡೈಡ್ರೊಜೆಸ್ಟರಾನ್. ಆದ್ರೂ ನಿಮಗೆ ಸಮಾಧಾನ ಇಲ್ಲ ಅಂದ್ರೆ ಸೆಟ್ರೋಟೈಡ್‌ನಲ್ಲೇ ಮಾಡೋಣ, ನಂದೇನೂ ಹಟ ಇಲ್ಲ" ಅಂದ್ರು. ಇನ್ನೊಂದು ಕಡೆ ರಿಸೆಪ್ಶನ್‌ನವರು "ಅದೆಲ್ಲ ಡಾಕ್ಟರ್ ಆಮೇಲೆ ಹೇಳ್ತಾರೆ ಮೇಡಂ, ಅಡ್ವಾನ್ಸ್ ಕಟ್ತೀರಾ?" ಅಂದ್ರು.

ಹಟ ಇಲ್ಲ ಅಂದವರ ಹತ್ರಾನೇ ಹೋಗ್ತೀನಿ. ಮಾತ್ರೆಯಲ್ಲೇ. ಪೀರಿಯಡ್ಸಿಗೆ ಕಾದು, ಒಂದೇ ರೌಂಡ್.

ಪುರಾವೆ_ಪುಟ್ಟಣ್ಣ
ನಾನಾಗಿದ್ರೆ ಸೆಟ್ರೋಟೈಡ್ ಅಂತಿದ್ದೆ. ಆದ್ರೂ ಆ ಡಾಕ್ಟರ್ ಒಳ್ಳೆಯವರ ಹಾಗೆ ಕಾಣ್ತಾರೆ.

ಲ್ಯಾಬ್‌ಕೋಟು
ಟ್ರಿಗರ್‌ಗೆ ಅವರು ಹೇಳಿದ ಗಂಟೆ ನಿಮಿಷ ತಪ್ಪಿಸಬೇಡಿ, ರಾತ್ರಿ ಎಷ್ಟು ಹೊತ್ತಾದರೂ. ಮೊಟ್ಟೆ ತೆಗೆಯುವ ಸಮಯ ಅದರ ಮೇಲೆಯೇ ಗೊತ್ತು ಮಾಡ್ತಾರೆ.

ಹುಬ್ಬಳ್ಳಿ_ಹುಡುಗಿ
ಚಲೋ ಆಗ್ಲಿ ಅವ್ವಾ. ಮನಿಗೆ ಯಾರರ ಒಬ್ರು ಜೊತಿ ಇರ್ಲಿ, ಮಂಪರು ಕೊಡ್ತಾರ, ಒಬ್ಬಾಕಿನ ಆಟೋ ಹತ್ತಬ್ಯಾಡ.

ತುಮಕೂರು_ತುಳಸಿ
ಹಾಯ್, ಈಗ ತಾನೇ ಸೇರ್ಕೊಂಡೆ. ನಂಗೆ ಥೈರಾಯ್ಡ್ ಇದೆ, ಜೊತೆಗೆ ಒಂದು ಕಡೆ ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಗಡ್ಡೆ). ಮೊದಲು ಸಿಸ್ಟ್ ಆಪರೇಶನ್ನಾ, ಮೊದಲು ಫ್ರೀಜಿಂಗಾ?

ರಾಗಿಮುದ್ದೆ_ರಾಣಿ
ತುಳಸಿ, ಇದಕ್ಕೆ ಹೊಸ ಥ್ರೆಡ್ ತೆಗೀರಿ, ಎಎಂಎಚ್ ಎಷ್ಟು ಅಂತ ಮೊದಲನೇ ಸಾಲಲ್ಲೇ ಹಾಕಿ. @ಲ್ಯಾಬ್‌ಕೋಟು ಅಕ್ಕ, ಆ ಕಡೆ ಬನ್ನಿ.